ಸಣ್ಣ ಕಾರಿನ ನಡಿಗೆ

ಕಡೂರಿನಿಂದ ಸಖರಾಯಪಟ್ಟಣ ಹಾದು ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ, ಮುಂಗಾರಿನ ಮೊದಲ ಮಳೆಯ ಸಂಜೆ, ನನ್ನ ಪುಟ್ಟ ಕಾರು ತಿರುವೊಂದರಲ್ಲಿ ಹಿಂಭಾಗ ಜಾರಿ, ಮತ್ತೆ ಕಡೂರಿನತ್ತ ಮುಖಮಾಡಿ ನಿಂತಿತು. ಮಗಳು ಪಕ್ಕದಲ್ಲಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ತಪ್ಪು ಎಲ್ಲಿತ್ತೆಂದು ತಿಳಿಯುವವರೆಗೆ ನನಗೆ ನೆಮ್ಮದಿಯಿರಲಿಲ್ಲ.

ಇಂಥ ಕಾರಿನಲ್ಲಿ ಎಂಜಿನ್ನು ಮುಂದೆ; ಎಳೆಯುವುದೂ ತಿರುಗಿಸುವುದೂ ಮುಂಚಕ್ರಗಳದೇ ಕೆಲಸ. ಆದ್ದರಿಂದ ವೇಗದ ತಿರುವಿನಲ್ಲಿ ಮುಂಭಾಗ ಹೊರಕ್ಕೆ ಜಾರುವುದು ಸಹಜ. ಇದನ್ನು ತಿದ್ದಲೆಂದು, ಓಲಾಟ ತಡೆಯುವ ಹಿಂಬದಿಯ ಸಲಾಕೆಯನ್ನು ದಪ್ಪನಾದುದಕ್ಕೆ ಬದಲಿಸಿದ್ದೆ. ಹಿಂದನ್ನು ಬಿಗಿದರೆ ಮುಂದಿನ ಹಿಡಿತ ಹೆಚ್ಚುವುದೆಂತು? ತಿರುವಿನಲ್ಲಿ ಭಾರ ಹೊರಮಗ್ಗುಲಿಗೆ ಸರಿಯುತ್ತದೆ. ಟೈರಿನ ಮೇಲಣ ಭಾರ ಇಮ್ಮಡಿಸಿದರೂ ಹಿಡಿತ ಇಮ್ಮಡಿಸದು. ಜೋಡಿಯಲ್ಲಿ ಒಂದೇ ಹೊತ್ತರೆ ಜೋಡಿಗೇ ನಷ್ಟ. ನೊಗ ಓರೆಯಾದರೆ ಅಜ್ಜಂಪುರದ ಅಮೃತಮಹಲ್ ಎತ್ತುಗಳೂ ಸೋಲುವುವು. ಬಿಗಿಯಾದ ಹಿಂಬದಿಯು ಈ ನಷ್ಟವನ್ನು ತನ್ನ ಪಾಲಿಗೆ ತೆಗೆದುಕೊಂಡು, ಮುಂದಿನ ಜೋಡಿಯ ಹೊರೆಯನ್ನು ಸಮತೆಯ ಹತ್ತಿರ ತರುತ್ತದೆ. ಒಣರಸ್ತೆಯಲ್ಲಿ ಇದು ಬಲು ಸೊಗಸು.

ನಾನು ಮರೆತದ್ದು ಟೈರನ್ನು. ಎಳೆಯುವ ಚಕ್ರಗಳೆಂದು ಹೊಸವನ್ನು ಮುಂದೆ ಹಾಕಿಸಿ, ಸವೆದವನ್ನು ಹಿಂದಕ್ಕೆ ತಳ್ಳಿದ್ದೆ. (ನಮ್ಮಲ್ಲಿ ಬಹುಮಂದಿ ಹೀಗೆಯೇ ಮಾಡುವರು.) ಸವೆದ ಗೀರುಗಳು ನೀರನ್ನು ಹೊರದೂಡಲಾರವು. ಬೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಭಾರ ಮುಂದಕ್ಕೆ ವಾಲಿತು. ಮೊದಲೇ ಬಡವಾಗಿದ್ದ ಹಿಂಚಕ್ರಗಳು ಹಿಡಿತ ಬಿಟ್ಟವು. ಚಿಕ್ಕಮಗಳೂರಿನ ತೋಟದ ಮಣ್ಣುದಾರಿಗಳಲ್ಲಿ ರ‍್ಯಾಲಿ ಓಡಿಸುವವರು ಸ್ಪ್ರಿಂಗನ್ನೂ ಟೈರನ್ನೂ ಒಟ್ಟಿಗೇ ಆರಿಸುತ್ತಾರೆ.

ಈಗ ಒಳ್ಳೆಯ ಟೈರುಗಳು ಹಿಂದಿವೆ, ಹಳೆಯ ಸಲಾಕೆ ಮರಳಿದೆ. ಮಗಳು ಮಾತ್ರ ಆ ತಿರುವು ದಾಟುವವರೆಗೆ ಬಾಗಿಲ ಹಿಡಿಯನ್ನು ಬಿಡುವುದಿಲ್ಲ.