ಮುಟ್ಟು ನಿಂತ ಮೇಲೆ ರಕ್ತಸ್ರಾವ: ಕಾರಣ ತಿಳಿಯುವುದು ಹೇಗೆ?

ಮುಟ್ಟು ನಿಂತು ಮೂರ್ನಾಲ್ಕು ವರ್ಷಗಳಾದ ಮೇಲೆ ಒಂದು ದಿನ ಬಟ್ಟೆಯ ಮೇಲೆ ರಕ್ತದ ಕಲೆ ಕಾಣಿಸುತ್ತದೆ. ‘ಮೈ ಉಷ್ಣವಾಗಿರಬೇಕು’ ಎಂದುಕೊಂಡು ಎಳನೀರು, ಮೆಂತ್ಯದ ನೀರು ಕುಡಿದು ಸುಮ್ಮನಾಗುವವರು ನಮ್ಮಲ್ಲಿ ಅನೇಕರಿದ್ದಾರೆ. ಮಕ್ಕಳ ಬಳಿ ಹೇಳಿಕೊಳ್ಳಲು ಸಂಕೋಚ, ಆಸ್ಪತ್ರೆಗೆ ಹೋಗಲು ಅಂಜಿಕೆ. ಕಲೆ ತಾನಾಗಿಯೇ ನಿಂತರಂತೂ ಅದು ಮರೆತೇ ಹೋಗುತ್ತದೆ. ಈ ಮರೆವೇ ಅಪಾಯಕಾರಿ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಆನಂತರ ಕಾಣುವ ರಕ್ತ ಒಂದೇ ಹನಿಯಾದರೂ ಅದನ್ನು ‘ಮತ್ತೆ ಬಂದ ಮುಟ್ಟು’ ಎಂದು ಭಾವಿಸುವಂತಿಲ್ಲ. ಕಾರಣ ಹುಡುಕಲೇಬೇಕು.

ಹಾಗೆಂದು ಗಾಬರಿಪಡಬೇಕಾಗಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಕಾರಣ ಸಾಮಾನ್ಯವಾದುದೇ ಆಗಿರುತ್ತದೆ. ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಾಗಿ ಯೋನಿಯ ಹಾಗೂ ಗರ್ಭಕೋಶದ ಒಳಪದರಗಳು ತೆಳುವಾಗಿ ಒಣಗುವುದು ಅವುಗಳಲ್ಲಿ ಮುಖ್ಯವಾದುದು. ಪಾಲಿಪ್ ಎಂಬ ಮೆದು ಗಂಟುಗಳು, ಒಳಪದರ ಅತಿಯಾಗಿ ದಪ್ಪವಾಗುವುದು, ಹಾರ್ಮೋನು ಚಿಕಿತ್ಸೆ ಹಾಗೂ ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ ಇತರ ಕಾರಣಗಳು. ಆದರೆ ಇಂಥ ರಕ್ತಸ್ರಾವವುಳ್ಳ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಭಾರತದಲ್ಲಿ ಹೆಚ್ಚಾಗಿ ಕಾಣುವ ಗರ್ಭಕಂಠದ ಕ್ಯಾನ್ಸರ್ ಕೂಡ ಹೀಗೆಯೇ ಸೂಚನೆ ನೀಡಬಹುದು. ಬೊಜ್ಜು, ಮಧುಮೇಹ ಇರುವವರು ಮತ್ತು ಹೆರಿಗೆಯಾಗದವರು ಇನ್ನಷ್ಟು ಎಚ್ಚರ ವಹಿಸಬೇಕು. ಕೊಬ್ಬಿನಂಶದಲ್ಲಿಯೂ ಈಸ್ಟ್ರೋಜೆನ್ ಉತ್ಪತ್ತಿಯಾಗಿ ಒಳಪದರವನ್ನು ಬೆಳೆಸುವುದೇ ಬೊಜ್ಜಿನಿಂದಾಗುವ ತೊಂದರೆಗೆ ಕಾರಣ.

ಪರೀಕ್ಷೆಗಳು ಹೇಗೆ?

ವೈದ್ಯರು ಮೊದಲು ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಾರೆ. ಮೂತ್ರನಾಳ ಅಥವಾ ಗುದದ್ವಾರದ ರಕ್ತವನ್ನು ಗರ್ಭಕೋಶದ್ದೆಂದು ತಪ್ಪು ತಿಳಿಯುವುದುಂಟು. ಗರ್ಭಕಂಠವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಪ್ಯಾಪ್ ಸ್ಮಿಯರ್ ಮಾಡುತ್ತಾರೆ.

ನಂತರ ಯೋನಿಯ ಮೂಲಕ ಸ್ಕ್ಯಾನಿಂಗ್. ಒಳಪದರದ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಸಾಧ್ಯತೆ ತೀರಾ ಕಡಿಮೆ. ಹೆಚ್ಚಿದ್ದರೆ ತೆಳುವಾದ ನಳಿಕೆಯಿಂದ ಒಳಪದರದ ಚೂರನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಅರಿವಳಿಕೆ ಬೇಕಾಗುವುದಿಲ್ಲ. ಪಾಲಿಪ್‌ನ ಅನುಮಾನವಿದ್ದರೆ ಹಿಸ್ಟರೋಸ್ಕೋಪಿ ಮೂಲಕ ಗರ್ಭಕೋಶದ ಒಳಭಾಗವನ್ನು ನೇರವಾಗಿ ನೋಡುತ್ತಾರೆ.

ಎರಡು ವಿಷಯಗಳನ್ನು ನೆನಪಿಡಬೇಕು. ಪ್ಯಾಪ್ ಸ್ಮಿಯರ್ ಸರಿಯಿದ್ದ ಮಾತ್ರಕ್ಕೆ ಒಳಪದರದ ಕ್ಯಾನ್ಸರ್ ಇಲ್ಲವೆಂದು ಅರ್ಥವಲ್ಲ. ಆ ಪರೀಕ್ಷೆ ಇರುವುದು ಗರ್ಭಕಂಠಕ್ಕೆ. ಎರಡನೆಯದಾಗಿ, ಸ್ಕ್ಯಾನಿಂಗ್ ವರದಿ ಚೆನ್ನಾಗಿದ್ದರೂ ರಕ್ತಸ್ರಾವ ಮರುಕಳಿಸಿದರೆ ಬಯಾಪ್ಸಿ ಅಗತ್ಯ.

ಕಾರಣ ತಿಳಿಯುವ ಮುನ್ನವೇ ‘ಗರ್ಭಕೋಶ ತೆಗೆಸಿಬಿಡೋಣ’ ಎನ್ನುವುದೂ ಸರಿಯಲ್ಲ. ಪದರ ಒಣಗಿದ್ದರೆ ಔಷಧಿಯೇ ಸಾಕಾಗಬಹುದು. ಪಾಲಿಪ್ ಆದರೆ ಅದನ್ನಷ್ಟೇ ತೆಗೆಯಬಹುದು. ಕ್ಯಾನ್ಸರ್ ಆಗಿದ್ದರೆ ಶಸ್ತ್ರಚಿಕಿತ್ಸೆಯ ವಿಧಾನವೇ ಬೇರೆ. ಆದ್ದರಿಂದ ಬಯಾಪ್ಸಿ ವರದಿ ಮೊದಲು ಕೈಸೇರಬೇಕು.

ಗರ್ಭಕೋಶದ ಒಳಪದರದ ಕ್ಯಾನ್ಸರ್ ಉಳಿದ ಅನೇಕ ಕ್ಯಾನ್ಸರ್‌ಗಳಂತೆ ಗುಟ್ಟಾಗಿ ಬೆಳೆಯುವುದು ಅಪರೂಪ. ರಕ್ತದ ಮೂಲಕ ಮೊದಲೇ ಸುಳಿವು ಕೊಡುತ್ತದೆ. ಗರ್ಭಕೋಶದೊಳಗೇ ಇರುವಾಗ ಪತ್ತೆಯಾದರೆ ಬಹುತೇಕ ಮಂದಿ ಗುಣಮುಖರಾಗುತ್ತಾರೆ. ಮನೆಯಲ್ಲಿರುವ ಅಮ್ಮ, ಅತ್ತೆ, ಅಜ್ಜಿಯರು ಈ ಮಾತನ್ನು ತಾವಾಗಿ ಹೇಳಲಿಕ್ಕಿಲ್ಲ. ಮಕ್ಕಳು, ಸೊಸೆಯಂದಿರೇ ಒಮ್ಮೆ ಕೇಳಿ ನೋಡುವುದು ಒಳಿತು.