ಕೆಮ್ಮನ್ನು ಅಡಗಿಸುವ ಮುನ್ನ

ಕೆಮ್ಮು ಬಂದೊಡನೆ ಅದನ್ನು ಅಡಗಿಸುವ ಔಷಧವನ್ನು ಹುಡುಕಿಕೊಂಡು ಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಔಷಧದ ಅಂಗಡಿಯವನು ಕೊಟ್ಟ ಸೀಸೆಯನ್ನು ತಂದು, ಕೈಗೆ ಸಿಕ್ಕಿದ ಚಮಚದಲ್ಲಿ ಸುರಿದು ಕುಡಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಕೆಮ್ಮು ಸ್ವತಃ ಒಂದು ರೋಗವಲ್ಲ. ಶ್ವಾಸಮಾರ್ಗವನ್ನು ಕಾಯುವ ಕಾವಲುಗಾರ. ಕಾವಲುಗಾರನ ಬಾಯಿ ಮುಚ್ಚಿಸುವ ಮುನ್ನ ಅವನು ಏತಕ್ಕಾಗಿ ಕೂಗುತ್ತಿದ್ದಾನೆಂದು ವಿಚಾರಿಸುವುದು ವಿವೇಕ.

ಕೆಮ್ಮು ಹುಟ್ಟುವ ಬಗೆ

ಧ್ವನಿಪೆಟ್ಟಿಗೆ, ಶ್ವಾಸನಾಳ ಮತ್ತು ಅದರ ಕವಲುಗಳ ಒಳಪೊರೆಯಲ್ಲಿ ಸೂಕ್ಷ್ಮವಾದ ನರಾಗ್ರಗಳಿವೆ. ಧೂಳು, ಹೊಗೆ, ದಾರಿ ತಪ್ಪಿದ ಅನ್ನದ ಅಗುಳು, ಶೇಖರಗೊಂಡ ಕಫ, ಇವುಗಳಲ್ಲಿ ಯಾವುದು ತಾಗಿದರೂ ಅವು ಕೆರಳುತ್ತವೆ. ಈ ಸುದ್ದಿಯನ್ನು ವೇಗಸ್ ಎಂಬ ನರವು ಮಿದುಳಿನ ಬುಡದಲ್ಲಿರುವ ನರಕೇಂದ್ರಕ್ಕೆ ಒಯ್ಯುತ್ತದೆ. ಅಲ್ಲಿಂದ ಆಜ್ಞೆ ಹೊರಟೊಡನೆ ನಾವು ದೀರ್ಘವಾಗಿ ಉಸಿರೆಳೆಯುತ್ತೇವೆ. ಧ್ವನಿದ್ವಾರ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಎದೆ ಹೊಟ್ಟೆಗಳ ಸ್ನಾಯುಗಳು ಸಂಕುಚಿಸಿ ಒಳಗಿನ ಗಾಳಿಯನ್ನು ಅದುಮುತ್ತವೆ. ಮರುಕ್ಷಣವೇ ದ್ವಾರ ತೆರೆದು, ಗಾಳಿಯು ಸಿಡಿದು ಹೊರಬೀಳುವಾಗ ಅಡ್ಡವಿದ್ದ ವಸ್ತುವನ್ನೂ ಸೆಳೆದೊಯ್ಯುತ್ತದೆ. ಇಷ್ಟೆಲ್ಲವೂ ನಮ್ಮ ಇಚ್ಛೆಯನ್ನು ಕಾಯದೆಯೇ ನಡೆದುಹೋಗುತ್ತದೆ.

ಕಫ ಬರುವ ಕೆಮ್ಮಿನಿಂದ ಶ್ವಾಸಕೋಶ ಶುದ್ಧಿಯಾಗುತ್ತದೆ. ಅದನ್ನು ಬಲವಂತವಾಗಿ ತಡೆದರೆ ಕಫ ಒಳಗೇ ನಿಂತು ಹೊಸ ತೊಂದರೆಗೆ ಎಡೆಯಾಗಬಹುದು. ನೆಗಡಿ ಮುಗಿದ ಮೇಲೂ ಗಂಟಲು ಕೆರೆದು ಬರುವ ಒಣಕೆಮ್ಮಿನಿಂದ ಅಂಥ ಪ್ರಯೋಜನವಿಲ್ಲ. ನಿದ್ರೆ ಕೆಡುತ್ತದೆ, ಎದೆ ನೋಯುತ್ತದೆ. ಕೆಮ್ಮು ತಡೆಯುವ ಔಷಧಕ್ಕೆ ಸ್ಥಾನವಿರುವುದು ಇಲ್ಲಿ ಮಾತ್ರ.

ಅಫೀಮಿನಿಂದ ಬಂದ ಔಷಧಗಳು

1832ರಲ್ಲಿ ಫ್ರಾನ್ಸಿನ ರಸಾಯನಜ್ಞ ಪಿಯರ್ ರೋಬಿಕೆ ಅಫೀಮಿನಿಂದ ಕೊಡೀನ್ ಎಂಬ ವಸ್ತುವನ್ನು ಬೇರ್ಪಡಿಸಿದನು. ಇದು ಮಿದುಳಿನ ನರಕೇಂದ್ರವನ್ನೇ ಮಂದಗೊಳಿಸಿ ಕೆಮ್ಮನ್ನು ಕುಗ್ಗಿಸುತ್ತದೆ. 1898ರಲ್ಲಿ ಜರ್ಮನಿಯ ಬೇಯರ್ ಕಂಪೆನಿಯು ಹೆರಾಯಿನ್ನನ್ನು ಸಹ ಕೆಮ್ಮಿನ ಔಷಧವೆಂದು ಮಾರಾಟಕ್ಕಿಟ್ಟಿತ್ತೆಂದರೆ ಇಂದಿನವರಿಗೆ ಆಶ್ಚರ್ಯವಾದೀತು. ಅದು ಬಿಡಿಸಲಾಗದ ಚಟವನ್ನು ಹತ್ತಿಸುತ್ತದೆಂಬುದು ಅನುಭವದಿಂದ ತಿಳಿಯಿತು.

ಕೊಡೀನಿಗೂ ಚಟ ಹತ್ತಿಸುವ ಗುಣವಿದೆ. ಇನ್ನೂ ಒಂದು ಅಪಾಯ ಅದರಲ್ಲಿ ಅಡಗಿದೆ. ನಾವು ಸೇವಿಸಿದ ಕೊಡೀನಿನಲ್ಲಿ ಒಂದು ಅಲ್ಪಭಾಗವನ್ನು ಯಕೃತ್ತಿನ ಒಂದು ಕಿಣ್ವವು ಮಾರ್ಫೀನ್ ಆಗಿ ಮಾರ್ಪಡಿಸುತ್ತದೆ. ಹುಟ್ಟಿನಿಂದಲೇ ಕೆಲವರಲ್ಲಿ ಈ ಕಿಣ್ವದ ಚಟುವಟಿಕೆ ತೀರ ಹೆಚ್ಚು. ಅಂಥವರ ರಕ್ತದಲ್ಲಿ ಸಾಮಾನ್ಯ ಪ್ರಮಾಣದ ಔಷಧವೂ ಅತಿಯಾದ ಮಾರ್ಫೀನ್ ಆಗಿ ಉಸಿರಾಟವನ್ನೇ ಕುಂದಿಸಬಲ್ಲುದು. ಯಾರು ಅಂಥವರೆಂದು ನೋಡಿ ಹೇಳಲಾಗದು. ಆದುದರಿಂದಲೇ 2015ರಲ್ಲಿ ಯೂರೋಪಿನಲ್ಲಿಯೂ 2017ರಲ್ಲಿ ಅಮೆರಿಕದಲ್ಲಿಯೂ 12 ವರ್ಷದೊಳಗಿನ ಮಕ್ಕಳ ಕೆಮ್ಮಿಗೆ ಕೊಡೀನ್ ಕೊಡಕೂಡದೆಂದು ಔಷಧ ನಿಯಂತ್ರಕರು ವಿಧಿಸಿದರು. ನಮ್ಮ ದೇಶದಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಡೀನ್ ಬೆರೆತ ಔಷಧವನ್ನು ಮಾರುವುದು ಕಾನೂನಿಗೆ ವಿರುದ್ಧ.

1958ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೆಕ್ಸ್‌ಟ್ರೊಮಿಥಾರ್ಫಾನ್ ಈಗ ಹೆಚ್ಚು ಬಳಕೆಯಲ್ಲಿದೆ. ನಿಯಮಿತ ಪ್ರಮಾಣದಲ್ಲಿ ಇದು ಕೊಡೀನಿಗಿಂತ ಸೌಮ್ಯ. ಆದರೂ ಅತಿಯಾದರೆ ತಲೆ ತಿರುಗುವುದು, ಬುದ್ಧಿ ಕಲಕುವುದು, ಇಲ್ಲದ್ದು ಕಾಣುವುದು ಮುಂತಾದ ಲಕ್ಷಣಗಳು ತೋರುತ್ತವೆ. ವಯಸ್ಕರಿಗೆ ದಿನಕ್ಕೆ 120 ಮಿಲಿಗ್ರಾಮು ಇದರ ಗರಿಷ್ಠ ಮಿತಿ. ಮನಃಖಿನ್ನತೆಗೆ ಕೊಡುವ ಹಲವು ಔಷಧಗಳೊಡನೆ ಇದು ಸೇರಿದರೆ ಜ್ವರ, ನಡುಕ, ಗಾಬರಿಗಳಿಂದ ಕೂಡಿದ ಗಂಡಾಂತರ ಒದಗಬಹುದು.

ಸೀಸೆಯ ಮೇಲಿನ ಬರಹ

ಒಂದೇ ಸೀಸೆಯಲ್ಲಿ ಒಂದೇ ಔಷಧವಿರುತ್ತದೆಂಬುದು ತಪ್ಪು ತಿಳಿವಳಿಕೆ. ಕೆಮ್ಮನ್ನು ತಡೆಯುವ ವಸ್ತು, ಕಫವನ್ನು ಸಡಿಲಿಸುವ ವಸ್ತು, ನಿದ್ರೆ ತರುವ ಅಲರ್ಜಿ ನಿವಾರಕ, ಮೂಗಿನ ಕಟ್ಟನ್ನು ಬಿಡಿಸುವ ವಸ್ತು, ಇವುಗಳಲ್ಲಿ ಎರಡು ಮೂರನ್ನು ಬೆರೆಸಿರುವುದುಂಟು. ಕಫವನ್ನು ಸಡಿಲಿಸಿ, ಅದೇ ಗುಟುಕಿನಲ್ಲಿ ಅದು ಹೊರಬರುವ ದಾರಿಯನ್ನು ಮುಚ್ಚುವುದು ಎಂಥ ಚಿಕಿತ್ಸೆ ಎಂದು ಓದುಗರೇ ಯೋಚಿಸಬಹುದು. ಕೆಲವು ನೆಗಡಿಯ ಔಷಧಗಳಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ. ಇದನ್ನರಿಯದೆ ಜ್ವರಕ್ಕೆ ಬೇರೆ ಮಾತ್ರೆಯನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಗಿ ಯಕೃತ್ತಿಗೆ ಹಾನಿಯಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಅಲರ್ಜಿ ನಿವಾರಕವುಳ್ಳ ಸಿರಪ್ ಕುಡಿದ ವಿದ್ಯಾರ್ಥಿಗೆ ಬೆಳಗ್ಗೆಯೂ ಮಂಪರು ಬಿಟ್ಟಿರದು. ಅಂಥ ಸ್ಥಿತಿಯಲ್ಲಿ ವಾಹನ ನಡೆಸುವುದಂತೂ ಸಲ್ಲದು.

ಒಂದು ಟೀ ಚಮಚವೆಂದರೆ 5 ಮಿ.ಲೀ. ಎಂದು ಲೆಕ್ಕ. ಅಡಿಗೆಮನೆಯ ಚಮಚಗಳಾದರೋ ಒಂದೊಂದೂ ಒಂದೊಂದು ಅಳತೆಯವು. ಆದ್ದರಿಂದ ಸೀಸೆಯೊಡನೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು.

ಸಿಹಿಯಲ್ಲಿ ಅಡಗಿದ ವಿಷ

ಸರಿಯಾದ ಅಳತೆಯೂ ಕಾಪಾಡಲಾರದ ಇನ್ನೊಂದು ವಿಪತ್ತಿದೆ. ಸಿರಪ್ಪುಗಳಲ್ಲಿ ಔಷಧವನ್ನು ಕರಗಿಸಲು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮೊದಲಾದ ದ್ರವಗಳನ್ನು ಬಳಸುತ್ತಾರೆ. ಕೈಗಾರಿಕೆಗಳಲ್ಲಿ ಉಪಯೋಗವಾಗುವ ಡೈಎಥಿಲೀನ್ ಗ್ಲೈಕಾಲ್ ಸಹ ಇವುಗಳಂತೆಯೇ ಸಿಹಿ. ಆದರೆ ಮೂತ್ರಪಿಂಡಗಳನ್ನು ಕೆಡಿಸುವ ವಿಷ. 1937ರಲ್ಲಿ ಅಮೆರಿಕದಲ್ಲಿ ಇದರಲ್ಲಿ ಕರಗಿಸಿದ ಸಲ್ಫ ಔಷಧದಿಂದ 100ಕ್ಕೂ ಹೆಚ್ಚು ಜನ ಸತ್ತು, ಮರುವರ್ಷವೇ ಅಲ್ಲಿ ಹೊಸ ಔಷಧ ಕಾನೂನು ಬಂದಿತು. ಆದರೂ 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಇಂಥ ವಿಷ ಬೆರೆತ ಸಿರಪ್ಪುಗಳೇ ಕಾರಣವೆಂಬ ಶಂಕೆ ಹುಟ್ಟಿತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡ ಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಅಸುನೀಗಿದರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪನ್ನು ಅಲ್ಲಿನ ಔಷಧ ನಿಯಂತ್ರಣಾಧಿಕಾರಿಗಳು ಪರೀಕ್ಷಿಸಿದಾಗ ಶೇಕಡ 48.6ರಷ್ಟು ವಿಷ ಕಂಡುಬಂದಿತು. ಶೇಕಡ 0.1ಕ್ಕಿಂತ ಹೆಚ್ಚು ಇರಕೂಡದೆಂಬುದು ನಿಯಮ.

ಈ ವಿಷವನ್ನು ಮನೆಯಲ್ಲಿ ಪತ್ತೆಮಾಡಲಾಗದು. ಅದನ್ನು ತಡೆಯಬೇಕಾದವರು ತಯಾರಕರು ಮತ್ತು ಸರ್ಕಾರ. ನಮ್ಮ ಕೈಯಲ್ಲಿರುವುದು ಅನಗತ್ಯವಾದ ಸಿರಪ್ಪನ್ನು ಮಕ್ಕಳಿಗೆ ಕುಡಿಸದಿರುವುದು. ಮಕ್ಕಳ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ವಾಸಿಯಾಗುತ್ತದೆ. 2 ವರ್ಷದೊಳಗಿನವರಿಗೆ ಕೆಮ್ಮು ನೆಗಡಿಗಳ ಔಷಧವನ್ನು ಕೊಡಲೇಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿತು. ಯಾವುದೇ ಸಿರಪ್ ಕುಡಿದ ಮಗುವಿಗೆ ವಾಂತಿಯಾಗಿ ಮೂತ್ರ ಕಡಿಮೆಯಾದರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಸೀಸೆಯನ್ನೂ ಜೊತೆಗೆ ಕೊಂಡುಹೋಗಬೇಕು.

ನಾವು ಮಾಡಬೇಕಾದುದು

ಬೆಚ್ಚನೆಯ ನೀರು, ದೊಡ್ಡವರಿಗೆ ಉಪ್ಪುನೀರಿನ ಮುಕ್ಕಳಿಕೆ, ಮಲಗುವ ಮುನ್ನ ಒಂದು ಚಮಚ ಜೇನು, ಇವು ಸಾಧಾರಣ ಕೆಮ್ಮಿಗೆ ಉಪಶಮನ ಕೊಡುತ್ತವೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನನ್ನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ಪ್ರಾಣಕ್ಕೆ ಎರವಾಗಬಲ್ಲವು.

ಎರಡು ವಾರ ಮೀರಿದ ಕೆಮ್ಮು ಕ್ಷಯದ ಸೂಚನೆಯಾಗಿರಬಹುದು. ಕಫವನ್ನು ಪರೀಕ್ಷೆ ಮಾಡಿಸಬೇಕು. ಕಫದಲ್ಲಿ ರಕ್ತ, ಉಬ್ಬಸ, ಎದೆನೋವು, ಇಳಿಯದ ಜ್ವರ, ಇವುಗಳಲ್ಲಿ ಒಂದು ಕಂಡರೂ ಅಷ್ಟು ದಿನ ಕಾಯಬಾರದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಒಣಕೆಮ್ಮು ಬರುವುದುಂಟು. ಆಗ ವೈದ್ಯರು ಮಾತ್ರೆಯನ್ನು ಬದಲಿಸಬೇಕೇ ಹೊರತು ಅದರ ಮೇಲೆ ಸಿರಪ್ ಕುಡಿದು ಫಲವಿಲ್ಲ.

ಮನೆಯಲ್ಲಿ ಓದು ಬಲ್ಲ ವಿದ್ಯಾರ್ಥಿಗಳು ಇನ್ನು ಮುಂದೆ ಔಷಧದ ಸೀಸೆ ಬಂದೊಡನೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಮನೆಯವರಿಗೆಲ್ಲ ಓದಿ ಹೇಳಲಿ. ಒಳಗೆ ಏನಿದೆ, ಯಾವ ವಯಸ್ಸಿನವರಿಗೆ, ಎಷ್ಟು ಪ್ರಮಾಣ, ಅವಧಿ ಮುಗಿಯುವುದೆಂದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಮುಚ್ಚಳ ತೆರೆದರೆ ಸಾಕು.