ತೀರ್ಥರೂಪರ ಕಾರಿಗೆ ಮರಳಿ ಬಂದ ಎಂಜಿನ್

ಬೆಳ್ಳಟ್ಟಿಯ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಹನ್ನೊಂದು ವರ್ಷಗಳ ಕಾಲ ಒಂದು ಅಂಬಾಸಡರ್ ಕಾರು ನಿಂತಿತ್ತು. ಗಾಲಿಗಳು ಮಣ್ಣಿಗೆ ಇಳಿದಿದ್ದವು. ಹಿಂದಿನ ಆಸನದಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತ್ತು. ನಮ್ಮ ತೀರ್ಥರೂಪರು ಲಿಂಗೈಕ್ಯರಾದ ಮೇಲೆ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ. ಗುಜರಿಯವರು ವರ್ಷಕ್ಕೆರಡು ಬಾರಿ ಬಂದು ಬೆಲೆ ಹೇಳಿ ಹೋಗುತ್ತಿದ್ದರು. ಪ್ರತಿ ಸಲವೂ ನಮ್ಮ ತಾಯಿಯವರು, "ನಿಂತಿರ್ಲಿ ಬಿಡ್ರಿ, ಅದೇನು ಕೂಳು ಕೇಳತೈತೇನು?" ಎಂದು ಅವರನ್ನು ಸಾಗಹಾಕುತ್ತಿದ್ದರು.

ಆ ಕಾರಿನ ಮೇಲೆ ನಮ್ಮ ಮನೆಯವರಿಗಿದ್ದಷ್ಟೇ ಹಕ್ಕು ಊರಿಗೂ ಇತ್ತು. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಕ್ಕಳನ್ನು, ಹೊಲದಲ್ಲಿ ಹಾವು ಕಚ್ಚಿಸಿಕೊಂಡವರನ್ನು ಗದಗಿಗೆ ಮುಟ್ಟಿಸಿದ ಕಾರು ಅದು. ತೀರ್ಥರೂಪರು ಯಾರಿಂದಲೂ ಎಣ್ಣೆಯ ಖರ್ಚು ಕೇಳಿದವರಲ್ಲ. ಹೀಗಿರಲು, ಹಿಂದಿನ ವರ್ಷ ಕಾರ್ತಿಕ ಮಾಸದಲ್ಲಿ ತಾಯಿಯವರು ನಮ್ಮ ಮೂವರು ಸಹೋದರರನ್ನು ಕೂಡಿಸಿ ಒಂದು ಮಾತು ಹೇಳಿದರು. ಬರುವ ಬಸವ ಜಯಂತಿಗೆ ತಾವು ಗದಗಿನ ತೋಂಟದಾರ್ಯ ಮಠಕ್ಕೆ ಹೋಗಬೇಕು, ಹೋಗುವುದಾದರೆ ಅದೇ ಕಾರಿನಲ್ಲಿ ಹೋಗಬೇಕು ಎಂಬುದು ಅವರ ಇಚ್ಛೆ. ಎಂಬತ್ತು ದಾಟಿದ ತಾಯಿ ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಒಪ್ಪಿಕೊಂಡೆವು. ಮುಂದೆ ನಡೆದುದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಪುಸ್ತಕದಲ್ಲಿ ಒಂದು, ಹೊಟ್ಟೆಯಲ್ಲಿ ಒಂದು

ಕಪಾಟಿನ ಗಂಟಿನಿಂದ ಆರ್.ಸಿ. ಪುಸ್ತಕವನ್ನು ಹುಡುಕಿ ತೆಗೆದಾಗ ಮೊದಲನೆಯ ತೊಡಕು ಕಾಣಿಸಿತು. ಇಂಧನವೆಂಬ ಕಡೆ ಪೆಟ್ರೋಲ್ ಎಂದು ಬರೆದಿತ್ತು. ಬಾನೆಟ್ ಎತ್ತಿ ನೋಡಿದರೆ ಒಳಗೆ ಕುಳಿತದ್ದು ಬೇರಾವುದೋ ವಾಹನದಿಂದ ತಂದ ಡೀಸೆಲ್ ಎಂಜಿನ್. ಅದರ ಸಂಖ್ಯೆಗೂ ಪುಸ್ತಕದ ಸಂಖ್ಯೆಗೂ ಸಂಬಂಧವಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೋಲ್ಕತ್ತಾದ ಬಳಿಯ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕಾರಿಗೆ ಬಹುಕಾಲ ಇದ್ದುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಪೆಟ್ರೋಲಿಗಿಂತ ಡೀಸೆಲ್ ತೀರ ಅಗ್ಗವಾಗಿದ್ದ ಆ ದಶಕಗಳಲ್ಲಿ ಜೀಪು, ಅಂಬಾಸಡರ್ ಇಟ್ಟುಕೊಂಡ ಅನೇಕರು ಪೆಟ್ರೋಲ್ ಎಂಜಿನ್ ಇಳಿಸಿ ಹಳೆಯ ಡೀಸೆಲ್ ಎಂಜಿನ್ ಕೂಡಿಸಿದರು. ಕೆಲವರು ಅದನ್ನು ಪುಸ್ತಕದಲ್ಲಿ ಬರೆಸಿದರು, ಹಲವರು ಬರೆಸಲಿಲ್ಲ. ಪೆಟ್ರೋಲಿನ ಬೆಲೆ 2010ರಲ್ಲಿ, ಡೀಸೆಲಿನ ಬೆಲೆ 2014ರಲ್ಲಿ ಸರ್ಕಾರದ ನಿಯಂತ್ರಣದಿಂದ ಹೊರಬಂದ ಮೇಲೆ ಎರಡರ ನಡುವಣ ಅಂತರ ಬಹಳ ಕುಗ್ಗಿತು. ಅದೇ 2014ರ ಮೇ ತಿಂಗಳಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತು. ಪುಸ್ತಕದೊಳಗಿನ ಸುಳ್ಳು ಮಾತ್ರ ಹಾಗೆಯೇ ಉಳಿಯಿತು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ವಿಷಯವನ್ನು ಮತ್ತೆ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿಯ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ವಿಧಿಸಲು ಅವಕಾಶವಾಗಿದೆ. ಇದನ್ನೆಲ್ಲ ತಿಳಿದಾಗ ನಮ್ಮ ಹಿರಿಯಣ್ಣನವರ ಮುಖ ಬಾಡಿತು. "ಅಪ್ಪಾರು ಮಾಡಿದ್ದನ್ನ ನಾವು ತಪ್ಪು ಅನ್ನೂದು ಹ್ಯಾಂಗ?" ಎಂದರು.

ಈ ನಡುವೆ ಮಧ್ಯವರ್ತಿಯೊಬ್ಬರು ಸುಲಭದ ದಾರಿ ತೋರಿಸಿದರು. ಯಾವುದಾದರೂ ಎಂಜಿನ್ ತಂದು ಅದರ ಸಂಖ್ಯೆ ಅರೆದು ಹಾಕಿ, ಪುಸ್ತಕದಲ್ಲಿರುವ ಹಳೆಯ ಸಂಖ್ಯೆಯನ್ನೇ ಕೆತ್ತಿಸಿಬಿಟ್ಟರೆ ಕೆಲಸ ಮುಗಿಯಿತಂತೆ! ಖರ್ಚೂ ಕಡಿಮೆ. ಸುಳ್ಳು ಹೇಳಲಾರೆವು, ಒಂದು ಗಳಿಗೆ ನಮ್ಮ ಮನಸ್ಸೂ ಅತ್ತ ವಾಲಿತು. ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ತಾಯಿಯವರು ಅಲ್ಲಿಂದಲೇ ತೀರ್ಪು ಕೊಟ್ಟರು: "ಪುಸ್ತಕ ಒಂದು ಹೇಳಿ, ಗಾಡಿ ಒಂದು ಹೇಳಿದ್ರ, ಅಂಥಾ ಗಾಡ್ಯಾಗ ನಾ ಮಠಕ್ಕ ಹ್ಯಾಂಗ ಹೋಗ್ಲಿ? ನಿಮ್ಮಪ್ಪ ರೊಕ್ಕ ಉಳಸಾಕ ಮಾಡಿದ್ರು, ಕದೀಲಿಲ್ಲ. ನೀವು ಕದೀಬ್ಯಾಡ್ರಿ."

ಅಲ್ಲಿಗೆ ನಿರ್ಧಾರವಾಯಿತು. ಕಾರಿಗೆ ಅದೇ ಕಂಪನಿಯ, ಅದೇ ಮಾದರಿಯ ಪೆಟ್ರೋಲ್ ಎಂಜಿನ್ನನ್ನೇ ಮರಳಿ ತರುವುದು, ಕೆಲಸಕ್ಕೆ ಕೈಹಚ್ಚುವ ಮೊದಲೇ ಸಾರಿಗೆ ಕಚೇರಿಯ ಅನುಮತಿ ಪಡೆಯುವುದು, ಹೊಸ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಸುವುದು. ಮೂರು ತಿಂಗಳ ಹುಡುಕಾಟದ ಬಳಿಕ, ತುಕ್ಕು ತಿಂದು ಮೂಲೆಗೆ ಬಿದ್ದಿದ್ದ ಇನ್ನೊಂದು ಅಂಬಾಸಡರಿನ ಎಂಜಿನ್ ಮತ್ತು ಗೇರ್ ಪೆಟ್ಟಿಗೆ, ಮಾಲೀಕರ ಕಾಗದಪತ್ರ ಹಾಗೂ ರಸೀದಿಯ ಸಮೇತ ದೊರೆತವು.

ಕೂಡಿಸಿದ್ದೇ ಬೇರೆ, ಓಡಿಸಿದ್ದೇ ಬೇರೆ

ನಮ್ಮ ಸೀಮೆಗೆ ಯಂತ್ರದ ಕೆಲಸ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲಿನ ಮೂಲಕ 1910ರಲ್ಲಿ ಕಿರ್ಲೋಸ್ಕರವಾಡಿಯನ್ನೇ ಕಟ್ಟಿದರು. ಗಡಿಯಾಚೆಯ ಇಚಲಕರಂಜಿಯ ಶಂಕರರಾವ ಕುಲಕರ್ಣಿಯವರು 'ಮೀರಾ' ಎಂಬ ಚಿಕ್ಕ ಕಾರನ್ನು ತಾವೇ ರೂಪಿಸಿ, 1970ರ ದಶಕದವರೆಗೂ ಅದನ್ನು ತಿದ್ದುತ್ತಲೇ ಬಂದರು. ಅದು ಕಾರ್ಖಾನೆಯಿಂದ ಹೊರಬಂದು ಮಾರಾಟವಾಗುವ ಭಾಗ್ಯ ಕಾಣಲಿಲ್ಲ. ಅಂಥವರ ಮುಂದೆ ನಮ್ಮದು ಅಳಿಲುಸೇವೆಯೂ ಅಲ್ಲ. ಆದರೆ ಯಂತ್ರವು ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುವ ರೀತಿ ಎಲ್ಲರಿಗೂ ಒಂದೇ ಎಂದು ಕಾಣುತ್ತದೆ.

ಲಕ್ಷ್ಮೇಶ್ವರದಿಂದ ಬಂದ ಮಿಸ್ತ್ರಿಯವರು ವಯಸ್ಸಾದ ಮುಸ್ಲಿಂ ಬಂಧು. ತೀರ್ಥರೂಪರ ಕಾಲದಿಂದಲೂ ಈ ಕಾರಿನ ನಾಡಿ ಬಲ್ಲವರು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಮ್ಮಂತೆಯೇ ನಡೆದುಕೊಳ್ಳುವವರು. ಅವರಿಗೆ ನೆರವಾಗಿ ನಿಂತವಳು ಹಿರಿಯಣ್ಣನವರ ಮಗಳು, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಹುಡುಗಿ. ಹೆಣ್ಣುಮಗಳ ಕೈಗೆ ಗ್ರೀಸು ಹತ್ತುವುದನ್ನು ಕಂಡು ಬಂಧುಗಳಲ್ಲಿ ಕೆಲವರು ಮೂಗು ಮುರಿದರು. ಮಡಿಕೆ ಮಾಡುವವರನ್ನೂ, ಅಂಬಿಗರನ್ನೂ, ಕಂಬಳಿ ನೇಯುವವರನ್ನೂ ಶರಣರೆಂದು ಪೂಜಿಸುವ ನಾವು, ನಮ್ಮದೇ ಮನೆಯಲ್ಲಿ ಕೈಕೆಲಸ ಕಂಡಾಗ ಏಕೆ ಹಿಂಜರಿಯುತ್ತೇವೆಯೋ!

ಡೀಸೆಲ್ ಎಂಜಿನ್ ಇಳಿಸಿದ ಮೇಲೆ ಹಿಂದಿನವರು ಮಾಡಿದ್ದ ಉಪದ್ವ್ಯಾಪಗಳೆಲ್ಲ ಬಯಲಾದವು. ಎಂಜಿನ್ ಕೂಡುವ ಕಟ್ಟುಗಳನ್ನು ಕತ್ತರಿಸಿ ಬೇರೆ ಕಡೆ ಬೆಸೆದಿದ್ದರು. ರೇಡಿಯೇಟರನ್ನು ಮುಂದಕ್ಕೆ ಸರಿಸಿದ್ದರು. ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕಡಿದು ಗಿಡ್ಡ ಮಾಡಿದ್ದರು. ಭಾರ ಹೆಚ್ಚಾಗಿ ಮುಂಭಾಗ ಬಾಗಿತ್ತು. ಒಂದೊಂದನ್ನೂ ಮೂಲ ಅಳತೆಗೆ ತರಬೇಕಾಯಿತು. ಶಾಫ್ಟ್ ಗದಗಿನ ಲೇತಿಗೆ ಹೋಗಿ ಬಂದಿತು. ಡೀಸೆಲ್ ನಿಂತಿದ್ದ ಟ್ಯಾಂಕನ್ನು ಇಳಿಸಿ ಮೂರು ಬಾರಿ ತೊಳೆದೆವು. ಎಲ್ಲಕ್ಕಿಂತ ಮೊದಲು ಬ್ರೇಕುಗಳನ್ನು ಬಿಚ್ಚಿ, ರಬ್ಬರುಗಳನ್ನೆಲ್ಲ ಹೊಸದಾಗಿ ಹಾಕಿದೆವು. ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಬೇಕೆಂಬುದು ಮಿಸ್ತ್ರಿಯವರ ನಿಯಮ.

ಶಿವರಾತ್ರಿ ಕಳೆದ ಮೇಲೆ ಎಂಜಿನ್ ಕುಳಿತಿತು. ಮನೆಮಂದಿಯೆಲ್ಲ ಸೇರಿ ಕಾಯಿ ಒಡೆದೆವು. ಇನ್ನೇನು, ಕೀಲಿ ತಿರುಗಿಸಿದರೆ ಸಾಕು ಎಂದುಕೊಂಡೆವು. ಆದರೆ ಎಂಜಿನ್ ಕೂಡಿಸುವುದು ಅರ್ಧ ಕೆಲಸವೂ ಅಲ್ಲವೆಂಬುದು ಆಮೇಲೆ ತಿಳಿಯಿತು.

ಮಿಸ್ತ್ರಿಯವರು ಕೂಡಲೇ ಚಾಲೂ ಮಾಡಗೊಡಲಿಲ್ಲ. ಬಹುದಿನ ನಿಂತ ಎಂಜಿನ್ನಿನ ಬೇರಿಂಗುಗಳಲ್ಲಿ ಎಣ್ಣೆ ಒಣಗಿರುತ್ತದೆ. ಆದ್ದರಿಂದ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಆಯಿಲ್ ಒತ್ತಡ ಏರುವವರೆಗೆ ಬರಿದೇ ತಿರುಗಿಸಿದರು. ಪಕ್ಕದಲ್ಲಿ ಮರಳಿನ ಬಕೀಟುಗಳನ್ನು ಇಡಿಸಿ, ಮಕ್ಕಳನ್ನು ದೂರ ಕಳಿಸಿದರು. ಬಳಿಕ ಪ್ಲಗ್ ಕೂಡಿಸಿ ಕೀಲಿ ತಿರುಗಿಸಿದರೆ, ಎಂಜಿನ್ ಮುಗ್ಗರಿಸುವ ಎತ್ತಿನಂತೆ ಒಂದು ಸುತ್ತು ತಿರುಗಿ ನಿಂತಿತು. ಬ್ಯಾಟರಿ ಹೊಸದು, ಸ್ಟಾರ್ಟರ್ ದುರಸ್ತಿಯಾದದ್ದು. ಮತ್ತೆ ತಿರುಗಿಸಿದಾಗ ಹುಡುಗಿ ಕೂಗಿದಳು: "ಕಾಕಾ, ನಿಲ್ಸ್ರಿ! ಚೋಕ್ ವಾಯರ್ ಹೊಗಿಯಾಡಾಕತ್ತೈತಿ!"

ಕಾರಣ ಸರಳವಾಗಿತ್ತು. ಎಂಜಿನ್ ರಬ್ಬರಿನ ಗದ್ದುಗೆಯ ಮೇಲೆ ಕುಳಿತಿರುತ್ತದೆ, ರಬ್ಬರಿನೊಳಗೆ ವಿದ್ಯುತ್ ಹರಿಯದು. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ಕರೆಂಟು ತಿರುಗಿ ಬರಲು ಎಂಜಿನ್ನಿನಿಂದ ಕಾರಿನ ಒಡಲಿಗೆ ಒಂದು ದಪ್ಪ ಅರ್ಥಿಂಗ್ ಪಟ್ಟಿ ಬೇಕು. ನಾವು ಅದನ್ನೇ ಮರೆತಿದ್ದೆವು. ಬೇರೆ ದಾರಿ ಕಾಣದೆ ಅಷ್ಟೂ ಕರೆಂಟು ಕಡ್ಡಿಯಷ್ಟು ತೆಳ್ಳನೆಯ ಚೋಕ್ ತಂತಿಯೊಳಗೆ ನುಗ್ಗಿತ್ತು. ಹತ್ತಿರದಲ್ಲೇ ಪೆಟ್ರೋಲ್ ಇತ್ತು. ಅಂದು ದೊಡ್ಡ ಅನಾಹುತ ತಪ್ಪಿದ್ದು ಆ ಹುಡುಗಿಯ ಕಣ್ಣಿನಿಂದ. ಮೂಗು ಮುರಿದವರು ಮರುದಿನದಿಂದ ಸುಮ್ಮನಾದರು.

ಹೆಬ್ಬೆರಳಿನ ಸಾಕ್ಷಿ

ಪಟ್ಟಿ ಹಾಕಿದ ಮೇಲೆ ಎಂಜಿನ್ ಚುರುಕಾಗಿ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಬದಲಿಗೆ ಕಾರ್ಬ್ಯುರೇಟರಿನ ಬಾಯಿಂದ ಪಟಾಕಿ ಹಾರಿದಂತೆ ಸದ್ದು, ಬೆಂಕಿಯ ನಾಲಗೆ. ಕಿಡಿ ಇತ್ತು. ಪೆಟ್ರೋಲ್ ಇತ್ತು. ಎರಡು ದಿನ ತಲೆ ಕೆಡಿಸಿಕೊಂಡೆವು. ಹಿರಿಯಣ್ಣನವರು, "ಹಳೇದನ್ನ ತಗದದ್ದ ತಪ್ಪಾತೇನೋ" ಎಂದು ನಿಟ್ಟುಸಿರು ಬಿಟ್ಟರು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗಾದರೋ ಸರಿಯಾದ ಕ್ಷಣದಲ್ಲಿ ಕಿಡಿ ಬೇಕು, ಅದನ್ನು ಹಂಚುವುದು ಡಿಸ್ಟ್ರಿಬ್ಯೂಟರ್. ನಾಲ್ಕು ಸಿಲಿಂಡರುಗಳಿಗೆ 1, 3, 4, 2 ಎಂಬ ಸರದಿಯಲ್ಲಿ ಕಿಡಿ ಹೋಗಬೇಕು. ನಾವು ಅದೇ ಸರದಿಯಲ್ಲಿ ವಾಯರ್ ಜೋಡಿಸಿದ್ದೆವು. ಮೊದಲನೆಯ ಪಿಸ್ಟನ್ನು ತುದಿಗೇರಿದುದನ್ನೂ ನೋಡಿಕೊಂಡಿದ್ದೆವು. ಆದರೆ ಪಿಸ್ಟನ್ನು ಒಂದು ಆವರ್ತನದಲ್ಲಿ ಎರಡು ಸಲ ತುದಿಗೇರುತ್ತದೆ: ಒಮ್ಮೆ ಅನಿಲವನ್ನು ಒತ್ತಲು, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರದೂಡಲು. ಕಣ್ಣಿಗೆ ಎರಡೂ ಒಂದೇ. ನಾವು ಹಿಡಿದದ್ದು ಎರಡನೆಯದನ್ನು.

ಮೂರನೆಯ ದಿನ ಹುಡುಗಿ ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದಳು. ಮಿಸ್ತ್ರಿಯವರು ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದರು. ಒಂದು ಸುತ್ತಿನಲ್ಲಿ ಬೆರಳಿಗೆ ಏನೂ ತಿಳಿಯಲಿಲ್ಲ. ಮುಂದಿನ ಸುತ್ತಿನಲ್ಲಿ ಒಳಗಿನ ಗಾಳಿ ಬೆರಳನ್ನು ಹೊರಕ್ಕೆ ನೂಕಿತು. "ಈಗ ಬಂತು ನೋಡ್ರಿ ಚಾಚಾ!" ಎಂದಳು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಅದರ ಮುಳ್ಳು ನಾಲ್ಕನೆಯ ವಾಯರಿನತ್ತ ಮುಖ ಮಾಡಿತ್ತು. ಒಂದನ್ನು ನಾಲ್ಕರ ಕಡೆ, ಮೂರನ್ನು ಎರಡರ ಕಡೆ ಬದಲಿಸಿದೆವು, ಅಷ್ಟೆ.

ಕೀಲಿ ತಿರುಗಿಸಿದಾಗ ಎಂಜಿನ್ ಒಮ್ಮೆ ಕೆಮ್ಮಿ, ಹಿತ್ತಲು ತುಂಬ ಹೊಗೆಯುಗುಳಿ, ಆಮೇಲೆ ಸಮನಾಗಿ ಓಡತೊಡಗಿತು. ಯಾರೂ ಮಾತಾಡಲಿಲ್ಲ. ತಾಯಿಯವರು ಪಡಸಾಲೆಯಿಂದ ಎದ್ದು ಬಂದು, ನಡುಗುತ್ತಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಮಿಸ್ತ್ರಿಯವರು ಕಣ್ಣೊರೆಸಿಕೊಂಡು, "ಯಜಮಾನ್ರು ಇರಬೇಕಾಗಿತ್ತು, ಅವ್ವಾರ" ಎಂದರು.

ಸುಳ್ಳಿಲ್ಲದ ಸವಾರಿ

ಕಾರು ಓಡಿತೆಂದ ಕೂಡಲೇ ರಸ್ತೆಗಿಳಿಸಲಿಲ್ಲ. ನೋಂದಣಿಯ ಅವಧಿ ಮುಗಿದಿತ್ತು. ನಮ್ಮದೇ ಹೊಲದ ದಾರಿಯಲ್ಲಿ ಹದಿನೈದು ದಿನ ಓಡಿಸಿ, ಬಿಸಿಯೇರುವುದನ್ನೂ ಸೋರುವುದನ್ನೂ ಸರಿಪಡಿಸಿದೆವು. ಬಳಿಕ ಬೇರೆ ಗಾಡಿಯ ಮೇಲೆ ಹೇರಿಕೊಂಡು ಗದಗಿನ ಸಾರಿಗೆ ಕಚೇರಿಗೆ ಒಯ್ದೆವು. ಅನುಮತಿ ಪತ್ರ, ಎಂಜಿನ್ನಿನ ರಸೀದಿ, ವಿಮೆ, ಹೊಗೆ ತಪಾಸಣೆಯ ಚೀಟಿ ಎಲ್ಲವೂ ಕೈಯಲ್ಲಿದ್ದವು. ನಿರೀಕ್ಷಕರು ಸಂಖ್ಯೆಯನ್ನು ತಾಳೆ ನೋಡಿದರು. ಹಳೆಯ ಡೀಸೆಲ್ಲಿನ ಸಂಗತಿಯನ್ನು ನಾವೇ ಮುಚ್ಚಿಡದೆ ಹೇಳಿದೆವು. ಓಡಾಟ ಒಂದೇ ದಿನಕ್ಕೆ ಮುಗಿಯಲಿಲ್ಲ, ಶುಲ್ಕವೂ ಕಡಿಮೆಯಾಗಲಿಲ್ಲ. ಕೊನೆಗೆ ಪುಸ್ತಕವೂ ಕಾರೂ ಒಂದೇ ಮಾತು ಹೇಳತೊಡಗಿದವು.

ಇದೇ ದಾರಿ ಹಿಡಿಯಬಯಸುವ ಬಂಧುಗಳಿಗೆ ಒಂದೆರಡು ಮಾತು. ಲೆಕ್ಕ ಹಾಕಿದರೆ ಇದು ಲಾಭದ ಕೆಲಸವಲ್ಲ, ನಮಗೆ ತಗುಲಿದ ವೆಚ್ಚದಲ್ಲಿ ಓಡುವ ಸ್ಥಿತಿಯ ಹಳೆಯ ಕಾರೊಂದನ್ನು ಕೊಳ್ಳಬಹುದಿತ್ತು. ಎಂಜಿನ್ ಕೊಳ್ಳುವ ಮುನ್ನ ಅದರ ಕಾಗದ ನೋಡಿರಿ. ಕೆಲಸ ಆರಂಭಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ಕೇಳಿರಿ. ಬ್ರೇಕ್ ಮೊದಲು, ಎಂಜಿನ್ ಆಮೇಲೆ. ಮನೆಯಲ್ಲಿ ಕಲಿಯುವ ಮನಸ್ಸಿರುವ ಮಗುವಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪಾನ ಕೈಗೆ ಕೊಡಿರಿ.

ಬಸವ ಜಯಂತಿಯ ಬೆಳಿಗ್ಗೆ ತಾಯಿಯವರು ಪೂಜೆ ಮುಗಿಸಿ, ವಿಭೂತಿ ಧರಿಸಿ, ಹಿಂದಿನ ಆಸನದಲ್ಲಿ ತಮ್ಮ ಎಂದಿನ ಎಡಬದಿಯಲ್ಲಿ ಕುಳಿತರು. ಮಿಸ್ತ್ರಿಯವರನ್ನು ಮುಂದೆ ಕೂಡಿಸಿಕೊಂಡೆವು. ಊರ ಅಗಸಿ ದಾಟುವಾಗ ಬಾಗಿಲಲ್ಲಿ ನಿಂತ ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬರು ಕೈಮುಗಿದರು. ಅವರ ಹಿರಿಯ ಮಗನ ಹೆರಿಗೆಗೆ ಗದಗಿಗೆ ಹೋದದ್ದು ಇದೇ ಕಾರಿನಲ್ಲಿ ಎಂದು ತಾಯಿಯವರು ನೆನೆದರು. ಮಠದಿಂದ ಮರಳುವ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ರಾತ್ರಿ ಯಾರರ ಬಂದು ಕರದ್ರ, ಕೀಲಿ ಎಲ್ಲಿ ಅಂತ ಹುಡಕಬ್ಯಾಡ್ರಿ. ಗೂಟಕ್ಕ ಹಾಕಿರ್ರಿ."

ಅಂದಿನಿಂದ ಕೀಲಿ ಪಡಸಾಲೆಯ ಗೂಟಕ್ಕೆ ತೂಗುತ್ತಿದೆ.